ಪಿಎಚ್‌ಡಿ ಮುಗೀತಾ ಬಂತು, ಕಂಪನಿ ರಿಸರ್ಚ್‌ಗೆ ಹೋಗ್ಬೇಕು, ಇಂಟರ್ವ್ಯೂನಲ್ಲಿ ಒಂದು ಪ್ರಶ್ನೆಗೆ ಸಿಕ್ಕಾಕೊಂಡೆ

ಐದನೇ_ವರ್ಷ

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತಿದ್ದಾಗ ಓದಿ.

ನಂದು ಎಲೆಕ್ಟ್ರೋಕೆಮಿಸ್ಟ್ರಿಯಲ್ಲಿ ಪಿಎಚ್‌ಡಿ. ಲಿಥಿಯಂ ಅಯಾನ್ ಸೆಲ್‌ನ ಕ್ಯಾಥೋಡ್ (ಪ್ಲಸ್ ತುದಿ) ಪುಡಿಯ ಕಣಗಳ ಮೇಲೆ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪದರ ಕೂರಿಸಿದ್ರೆ ಸೆಲ್ ಜಾಸ್ತಿ ದಿನ ಬಾಳುತ್ತಾ, ಬಾಳಿದ್ರೆ ಯಾಕೆ, ಇಷ್ಟೇ ನನ್ನ ಥೀಸಿಸ್. ಫಸ್ಟ್ ಆಥರ್ ಆಗಿ ಎರಡು ಪೇಪರ್ ಬಂದಿದೆ, ಮೂರನೇದು ರಿವ್ಯೂನಲ್ಲಿದೆ, ಇನ್ನೊಂದು ಎಂಟು ತಿಂಗಳಲ್ಲಿ ವೈವಾ ಆಗ್ಬಹುದು. ಗೈಡ್ ಮನಸ್ಸಲ್ಲಿ ನಾನು ಪೋಸ್ಟ್‌ಡಾಕ್‌ಗೆ (ಪಿಎಚ್‌ಡಿ ಆದ್ಮೇಲೆ ಇನ್ನೊಂದು ಲ್ಯಾಬ್‌ನಲ್ಲಿ ಕೆಲವು ವರ್ಷದ ರಿಸರ್ಚ್) ಹೋಗ್ತೀನಿ ಅಂತ ಇದೆ, ಅವ್ರ ಸ್ನೇಹಿತರೊಬ್ಬರ ಲ್ಯಾಬ್ ಹೆಸರೂ ಎರಡು ಸಲ ಎತ್ತಿದಾರೆ. ನಂಗೆ ಮಾತ್ರ ಒಂದೂವರೆ ವರ್ಷದಿಂದ ಕಂಪನಿ ರಿಸರ್ಚ್ ಕಡೆಗೇ ಮನಸ್ಸು ಎಳೀತಿದೆ. ದುಡ್ಡು ಒಂದು ಕಾರಣ ಹೌದು, ಆದ್ರೆ ಅದಕ್ಕಿಂತ ಜಾಸ್ತಿ, ನಾನು ಮಾಡಿದ್ದು ಒಂದಿನ ಯಾರದ್ದಾದ್ರೂ ಕೈಯಲ್ಲಿರೋ ಸೆಲ್ ಒಳಗೆ ಹೋಗ್ಬೇಕು ಅನ್ನೋ ಆಸೆ. ಇದನ್ನ ಲ್ಯಾಬ್‌ನಲ್ಲಿ ಇನ್ನೂ ಯಾರ ಹತ್ರನೂ ಬಾಯಿಬಿಟ್ಟಿಲ್ಲ.

ಹದಿನಾಲ್ಕು ಕಡೆ ಅರ್ಜಿ ಹಾಕ್ದೆ. ಹದಿಮೂರು ಕಡೆಯಿಂದ ಉತ್ತರಾನೇ ಇಲ್ಲ. ಒಂದು ಕಡೆ ಫೋನ್ ಇಂಟರ್ವ್ಯೂ ಸಿಕ್ತು. ಚೆನ್ನಾಗೇ ಶುರುವಾಯ್ತು, ನಾನು ಕೋಟಿಂಗ್ ಮೆಕ್ಯಾನಿಸಂ ವಿವರಿಸ್ತಾ ಇದ್ದೆ, ಅವ್ರು ನಡುವೆ ತಡೆದು ಕೇಳಿದ್ರು, "ಐದು ವರ್ಷದಲ್ಲಿ ಒಟ್ಟು ಎಷ್ಟು ಸೆಲ್ ಕಟ್ಟಿದ್ರಿ, ಅದ್ರಲ್ಲಿ ಎಷ್ಟು ಬೇಗ ಸತ್ತುಹೋದವು, ಯಾಕೆ?" ನನ್ನ ಹತ್ರ ಉತ್ತರ ಇರ್ಲಿಲ್ಲ. ಪೇಪರ್‌ನಲ್ಲಿ ಹಾಕಿದ್ದು ಚೆನ್ನಾಗಿ ಓಡಿದ ಸೆಲ್‌ಗಳದ್ದು, ಸತ್ತಿದ್ದನ್ನ ಎತ್ತಿ ಡಬ್ಬಕ್ಕೆ ಹಾಕಿ ಇನ್ನೊಂದು ಕಟ್ಟೋದು, ನಮ್ಮಲ್ಲಿ ಎಲ್ರೂ ಹಾಗೇ ಮಾಡೋದು. "ಬಹುಶಃ ಇನ್ನೂರು ಮುನ್ನೂರು" ಅಂದೆ, "ಬಹುಶಃ" ಅಂದಾಗ್ಲೇ ಆ ಕಡೆ ದನಿ ಬದಲಾಗಿದ್ದು ಗೊತ್ತಾಯ್ತು. ಎರಡು ವಾರದ ಮೇಲೆ ಆಗ್ಲಿಲ್ಲ ಅಂತ ಮೇಲ್ ಬಂತು.

ಈಗ ನನ್ನ ಗೊಂದಲ ಏನಂದ್ರೆ, ಇಷ್ಟು ಸಣ್ಣ ವಿಷಯದಲ್ಲಿ ಪಿಎಚ್‌ಡಿ ಮಾಡಿದವ್ರನ್ನ ಕಂಪನಿಯವ್ರು ನಿಜವಾಗ್ಲೂ ತಗೋತಾರಾ, ಪೋಸ್ಟ್‌ಡಾಕ್ ಮಾಡಿಯೇ ಹೋಗ್ಬೇಕಾ, ಗೈಡ್‌ಗೆ ಯಾವಾಗ ಹೇಳೋದು, ಮತ್ತೆ ಆ ಪ್ರಶ್ನೆ ಅವ್ರು ಯಾಕೆ ಕೇಳಿದ್ರು? ಕೊನೇದೇ ನಿದ್ದೆಗೆಡಿಸಿದೆ.

ಸೆಲ್_ಲೈನ್

ಕೊನೇ ಪ್ರಶ್ನೆಯಿಂದಾನೇ ಶುರು ಮಾಡ್ತೀನಿ, ಯಾಕಂದ್ರೆ ನಾನು ಎಂಟು ವರ್ಷದಿಂದ ಸೆಲ್ ಮಾಡೋ ಕಂಪನಿ ಆರ್ ಅಂಡ್ ಡಿಯಲ್ಲೇ ಇದೀನಿ, ಹೊಸಬ್ರನ್ನ ಇಂಟರ್ವ್ಯೂ ಮಾಡುವಾಗ ನಾನೂ ಹೆಚ್ಚುಕಮ್ಮಿ ಇದೇ ಪ್ರಶ್ನೆ ಕೇಳ್ತೀನಿ.

ನಿಮ್ಮನ್ನ ಸಿಕ್ಕಿಸೋಕೆ ಕೇಳಿದ್ದಲ್ಲ ಅದು. ನಿಮ್ಮ ಲ್ಯಾಬ್‌ನಲ್ಲಿ ಹತ್ತರಲ್ಲಿ ಒಂದು ಸೆಲ್ ಅದ್ಭುತವಾಗಿ ಓಡಿದ್ರೆ ಪೇಪರ್ ಆಗುತ್ತೆ. ನಮ್ಮಲ್ಲಿ ಹತ್ತರಲ್ಲಿ ಒಂಬತ್ತು ಅದ್ಭುತವಾಗಿ ಓಡಿ ಒಂದು ಸತ್ರೆ ಲೈನ್ ನಿಲ್ಲುತ್ತೆ. ಒಂದು ಬ್ಯಾಟರಿ ಪ್ಯಾಕ್‌ನಲ್ಲಿ ನೂರಾರು ಸೆಲ್ ಇರುತ್ತೆ, ಸರಣಿಯಲ್ಲಿ ಒಂದು ಕೆಟ್ಟರೂ ಉಳಿದವು ಚೆನ್ನಾಗಿದ್ದು ಪ್ರಯೋಜನ ಇಲ್ಲ. ಹಾಗಾಗಿ ನಮಗೆ ಬೇಕಾಗಿರೋದು ಅತ್ಯುತ್ತಮ ಸೆಲ್ ಅಲ್ಲ, ಅತ್ಯಂತ ಕೆಟ್ಟ ಸೆಲ್ ಎಷ್ಟು ಕೆಟ್ಟದು ಅನ್ನೋದು, ಮತ್ತೆ ಅದು ಯಾಕೆ ಕೆಡ್ತು ಅಂತ ಹುಡುಕೋ ತಾಳ್ಮೆ ಎದುರಿಗಿರೋರಿಗೆ ಇದೆಯಾ ಅನ್ನೋದು.

ಒಂದು ಲೆಕ್ಕ ಹೇಳ್ತೀನಿ, ನಿಮಗೆ ಗೊತ್ತಿರೋದೇ, ಆದ್ರೂ ಈ ಕಣ್ಣಿಂದ ನೋಡಿ. ಕೂಲಂಬಿಕ್ ಎಫಿಶಿಯನ್ಸಿ, ಅಂದ್ರೆ ಒಂದು ಸೈಕಲ್‌ನಲ್ಲಿ (ಒಂದು ಸಲ ಚಾರ್ಜ್ ಮಾಡಿ ಖಾಲಿ ಮಾಡೋದು) ತುಂಬಿದ ಚಾರ್ಜ್‌ನಲ್ಲಿ ಎಷ್ಟು ವಾಪಸ್ ಸಿಕ್ತು ಅನ್ನೋದು, 99.9% ಅಂತ ಪೇಪರ್‌ನಲ್ಲಿ ಬರೀತೀವಿ, ನೋಡೋಕೆ ಚೆಂದ. ಆ ಉಳಿದ 0.1% ಪ್ರತಿ ಸಲ ಲಿಥಿಯಂ ಕಳ್ಕೊಂಡಿದ್ದೇ ಆದ್ರೆ, 500 ಸೈಕಲ್ ಆದ್ಮೇಲೆ ಉಳಿಯೋದು ಸುಮಾರು 60% ಮಾತ್ರ. ಅದೇ 99.98% ಇದ್ರೆ 90% ಉಳಿಯುತ್ತೆ. ನಿಮ್ಮ ಕಾಯಿನ್ ಸೆಲ್‌ನಲ್ಲಿ (ನಾಣ್ಯದಂಥ ಸಣ್ಣ ಸೆಲ್) ಎದುರುಗಡೆ ದಪ್ಪ ಲಿಥಿಯಂ ಲೋಹದ ಬಿಲ್ಲೆ ಇರುತ್ತೆ, ಎಲೆಕ್ಟ್ರೋಲೈಟ್ (ಒಳಗಿನ ದ್ರವ) ಕೂಡ ಬೇಕಾದಷ್ಟು ತುಂಬಿರ್ತೀರಿ, ಕಳ್ಕೊಂಡಿದ್ದನ್ನೆಲ್ಲ ಆ ಬಿಲ್ಲೆ ತುಂಬಿಕೊಡುತ್ತೆ, ಆದ್ದರಿಂದ ನಷ್ಟ ಕಾಣಿಸೋದೇ ಇಲ್ಲ. ನಾವು ಮಾರೋ ಸೆಲ್‌ನಲ್ಲಿ ಆ ಹೆಚ್ಚುವರಿ ಬಿಲ್ಲೆ ಇಲ್ಲ. ಆ ಬಿಲ್ಲೆ ಇರೋದು ಹಾಫ್ ಸೆಲ್, ಇಲ್ಲದ್ದು ಫುಲ್ ಸೆಲ್. ಇದನ್ನ ಇಂಟರ್ವ್ಯೂನಲ್ಲಿ ನೀವಾಗೇ ಹೇಳಿದ್ರೆ, "ನನ್ನ ಫಲಿತಾಂಶ ಹಾಫ್ ಸೆಲ್‌ನದ್ದು, ಫುಲ್ ಸೆಲ್‌ಗೆ ಹೋದ್ರೆ ಇಂತಿಂಥದ್ದು ಕೈಕೊಡಬಹುದು" ಅಂತ, ಎದುರಿಗೆ ಕೂತವ್ರು ನೆಟ್ಟಗೆ ಕೂತು ಕೇಳ್ತಾರೆ.

ಯೋಶಿನೊ ಅಕಿರಾ ಅವ್ರನ್ನೇ ತಗೊಳ್ಳಿ. 1972ರಲ್ಲಿ ಅಸಾಹಿ ಕಾಸೈ ಅನ್ನೋ ಜಪಾನಿನ ಕೆಮಿಕಲ್ ಕಂಪನಿ ಸೇರಿದ್ರು, 1985ರಲ್ಲಿ ಲಿಥಿಯಂ ಅಯಾನ್ ಸೆಲ್‌ನ ಮಾದರಿ ಮಾಡಿದ್ರು, ಡಾಕ್ಟರೇಟ್ ಬಂದಿದ್ದು 2005ರಲ್ಲಿ, 2019ರಲ್ಲಿ ನೊಬೆಲ್. ಅವ್ರ ಕೆಲ್ಸದಲ್ಲಿ ನನಗೆ ಯಾವಾಗ್ಲೂ ಕಣ್ಮುಂದೆ ಬರೋದು ಸೈಕಲ್ ಗ್ರಾಫ್ ಅಲ್ಲ, ಸೆಲ್ ಮೇಲೆ ಕಬ್ಬಿಣದ ಗಟ್ಟಿ ಬೀಳಿಸಿ ಬೆಂಕಿ ಹತ್ತುತ್ತಾ ಇಲ್ವಾ ಅಂತ ನೋಡಿದ ಪರೀಕ್ಷೆ. ಅದು ಪಾಸಾಗದೇ ಇದ್ದಿದ್ರೆ ಮಿಕ್ಕ ಕೆಮಿಸ್ಟ್ರಿ ಎಷ್ಟು ಸೊಗಸಾಗಿದ್ರೂ ಅಂಗಡಿಗೆ ಬರ್ತಿರ್ಲಿಲ್ಲ. 1991ರಲ್ಲಿ ಸೋನಿಯವ್ರು ಮಾರುಕಟ್ಟೆಗೆ ತಂದ್ರು.

ಈಗ ನಿಮಗೆ ಒಂದು ಕೆಲ್ಸ. ಎಲ್ಲಾ ಲ್ಯಾಬ್ ನೋಟ್‌ಬುಕ್ ತೆಗೀರಿ, ಮೊದಲ ಪುಟದಿಂದ ಸೆಲ್ ಎಣಿಸಿ. ಯಾವತ್ತು ಕಟ್ಟಿದ್ದು, ಎಷ್ಟು ಸೈಕಲ್‌ಗೆ ಸತ್ತಿದ್ದು, ಅವತ್ತು ಏನು ಬೇರೆ ಇತ್ತು. ಎರಡು ವಾರಾಂತ್ಯ ಹಿಡೀಬಹುದು. ಮಾಡಿ, ಇಲ್ಲಿ ಬಂದು ಹೇಳಿ.

"ಸಣ್ಣ ವಿಷಯ" ಅನ್ನೋ ಚಿಂತೆ ಬಿಡಿ. ನಮ್ಮ ಟೀಮ್‌ನಲ್ಲಿ ಥೀಸಿಸ್ ವಿಷಯದಲ್ಲೇ ಕೆಲ್ಸ ಮಾಡ್ತಿರೋರು ಒಬ್ರೂ ಇಲ್ಲ. ಒಬ್ರು ಪಾಲಿಮರ್, ಒಬ್ರು ಕೆಟಾಲಿಸಿಸ್, ಒಬ್ರಂತೂ ಖನಿಜಗಳ ಮೇಲೆ ಪಿಎಚ್‌ಡಿ ಮಾಡಿದವ್ರು, ನಮ್ಮಲ್ಲಿ ಎಕ್ಸ್‌ರೇ ಡಿಫ್ರಾಕ್ಷನ್ ಅವ್ರಷ್ಟು ಚೆನ್ನಾಗಿ ಓದೋರು ಇನ್ನೊಬ್ರಿಲ್ಲ.

ಪ್ರೋಸೆಸ್_ಕೆಮ್

ಮೇಲಿನವ್ರು ಹೇಳಿದ್ದು ಬರೀ ಬ್ಯಾಟರಿಗಲ್ಲ. ನಾನು ಔಷಧಿ ಕಡೆಯವಳು, ಆರ್ಗ್ಯಾನಿಕ್ ಸಿಂಥೆಸಿಸ್‌ನಲ್ಲಿ ಪಿಎಚ್‌ಡಿ, ಆಮೇಲೆ ಹನ್ನೊಂದು ವರ್ಷ ಪ್ರೋಸೆಸ್ ಕೆಮಿಸ್ಟ್ರಿ. ಅಂದ್ರೆ ಸಣ್ಣ ಫ್ಲಾಸ್ಕ್‌ನಲ್ಲಿ ಆಗಿದ್ದನ್ನ ದೊಡ್ಡ ರಿಯಾಕ್ಟರ್‌ನಲ್ಲಿ ಮಾಡಿ ತೋರ್ಸೋ ಕೆಲ್ಸ.

ಸೇರಿದ ಮೊದಲ ವರ್ಷ ನಡೆದಿದ್ದು ಹೇಳ್ತೀನಿ. ಒಂದು ರಿಯಾಕ್ಷನ್‌ನಲ್ಲಿ ಒಂದು ಕಲ್ಮಶ ಬರ್ತಿತ್ತು, 0.4% ಇರ್ಬಹುದು. ಮೂರು ವಾರ ಕೂತು ಅದು ಎಲ್ಲಿಂದ ಬರುತ್ತೆ ಅಂತ ಮೆಕ್ಯಾನಿಸಂ ಬಿಡಿಸಿದೆ, ಐಸೋಟೋಪ್ (ಗುರುತಿಗೆ ಬಳಸೋ ಪರಮಾಣು) ಹಾಕಿ ಖಾತ್ರಿ ಮಾಡ್ಕೊಂಡೆ, ಮೀಟಿಂಗ್‌ನಲ್ಲಿ ಇಪ್ಪತ್ತೆರಡು ಸ್ಲೈಡ್ ತೋರಿಸ್ದೆ. ಎಲ್ಲಾ ಮುಗಿದ್ಮೇಲೆ ನಮ್ಮ ಮ್ಯಾನೇಜರ್ ಕೇಳಿದ್ದು, "ತುಂಬಾ ಚೆನ್ನಾಗಿದೆ, ಹಾಗಾದ್ರೆ ಸೋಮವಾರ ಸಾಲ್ವೆಂಟ್ ಆರ್ಡರ್ ಮಾಡೋದಾ ಬೇಡ್ವಾ?" ನಂಗೆ ಉತ್ತರ ಗೊತ್ತಿರ್ಲಿಲ್ಲ, ಯಾಕಂದ್ರೆ ನಾನು ಆ ಪ್ರಶ್ನೆ ಕೇಳ್ಕೊಂಡೇ ಇರ್ಲಿಲ್ಲ. ಸಾಲ್ವೆಂಟ್ (ಕರಗಿಸೋ ದ್ರವ) ಬದಲಾಯ್ಸಿದ್ರೆ ಕಲ್ಮಶ ಹೋಗುತ್ತೆ ಅನ್ನೋದು ಮೊದಲ ವಾರದಲ್ಲೇ ನನ್ನ ಡೇಟಾದಲ್ಲಿತ್ತು. ಉಳಿದ ಎರಡು ವಾರ ನಾನು ತಿಳ್ಕೊಳ್ಳೋ ಖುಷಿಗೆ ಮಾಡಿದ್ದು. ಆ ಖುಷಿ ತಪ್ಪು ಅಂತ ಇವತ್ತಿಗೂ ನಾನು ಹೇಳಲ್ಲ, ಆ ಮೆಕ್ಯಾನಿಸಂ ಎರಡು ವರ್ಷದ ಮೇಲೆ ಇನ್ನೊಂದು ಪ್ರಾಜೆಕ್ಟ್‌ನಲ್ಲಿ ನಮ್ಮನ್ನ ಕಾಪಾಡ್ತು ಕೂಡ. ಆದ್ರೆ ಯಾವ ನಿರ್ಧಾರಕ್ಕೋಸ್ಕರ ಈ ಪ್ರಯೋಗ ಮಾಡ್ತಿದೀನಿ ಅಂತ ಫ್ಲಾಸ್ಕ್ ಎತ್ತೋಕೆ ಮುಂಚೆ ಕೇಳ್ಕೊಳ್ಳೋದು, ಇದನ್ನ ಪಿಎಚ್‌ಡಿಯಲ್ಲಿ ಯಾರೂ ನಮಗೆ ಹೇಳ್ಕೊಡಲ್ಲ.

ಸ್ಕೇಲ್ ಅಪ್ ಅಂದ್ರೇನು ಅಂತ ಹೊಸಬ್ರಿಗೆ ನಾನು ಹೀಗೆ ಹೇಳ್ತೀನಿ. 100 ಮಿಲಿ ಫ್ಲಾಸ್ಕ್‌ನಿಂದ 1000 ಲೀಟರ್ ರಿಯಾಕ್ಟರ್‌ಗೆ ಹೋದಾಗ ಒಳಗಿನ ಸರಕು ಹತ್ತು ಸಾವಿರ ಪಟ್ಟು ಆಯ್ತು, ಆದ್ರೆ ಆಕಾರ ಅದೇ ಇದ್ರೆ ಶಾಖ ಹೊರಗೆ ಹೋಗೋ ಗೋಡೆ ಬರೀ ನಾನೂರ ಅರವತ್ತು ಪಟ್ಟು ಚಿಲ್ಲರೆ. ಅಂದ್ರೆ ಪ್ರತಿ ಲೀಟರ್‌ಗೆ ಸಿಗೋ ಗೋಡೆ ಇಪ್ಪತ್ತನೇ ಒಂದು ಭಾಗಕ್ಕಿಂತಲೂ ಕಮ್ಮಿ. ಫ್ಲಾಸ್ಕ್‌ನಲ್ಲಿ ಎರಡು ನಿಮಿಷದಲ್ಲಿ ಸುರಿದಿದ್ದ ರೀಏಜೆಂಟನ್ನ ಇಲ್ಲಿ ಗಂಟೆಗಟ್ಟಲೆ ನಿಧಾನಕ್ಕೆ ಬಿಡ್ಬೇಕು, ಇಲ್ದಿದ್ರೆ ಬಿಸಿ ಏರಿ ಕೈಮೀರುತ್ತೆ. ಗಂಟೆಗಟ್ಟಲೆ ಬಿಟ್ಟಾಗ ಮೊದಲು ಹುಟ್ಟಿದ ಪದಾರ್ಥ ಅಲ್ಲೇ ಕೂತು ಕೆಡೋಕೆ ಶುರುವಾಗುತ್ತೆ. ಆಮೇಲೆ ಕಾಲಂ ಕ್ರೊಮ್ಯಾಟೊಗ್ರಫಿ (ಪುಡಿ ತುಂಬಿದ ಕೊಳವೆಯಲ್ಲಿ ಹರಿಸಿ ಬೇರೆ ಮಾಡೋದು) ಅನ್ನೋದನ್ನ ಮರೆತುಬಿಡಿ, ಆದಷ್ಟೂ ಹರಳು ಕಟ್ಟಿಸಿಯೇ ಶುದ್ಧ ಮಾಡ್ಬೇಕು. ಇದೆಲ್ಲ ಅಡ್ಡಿ ಅಂತ ನಂಗೆ ಅನ್ಸಿಲ್ಲ ಯಾವತ್ತೂ, ಇದೇ ವಿಜ್ಞಾನ, ಪಿಎಚ್‌ಡಿಯಲ್ಲಿ ನಾನು ನೋಡಿದ್ದಕ್ಕಿಂತ ಕಷ್ಟದ್ದು.

ಇನ್ನೊಂದು ವಿಷಯ ಯಾರೂ ಹೇಳಲ್ಲ, ದಯವಿಟ್ಟು ಗಮನ ಕೊಡಿ. ನಿಮ್ಮ ಕೋಟಿಂಗ್‌ನಲ್ಲಿ ಪೇಟೆಂಟ್ ಆಗೋ ಥರದ್ದು ಏನಾದ್ರೂ ಇದ್ರೆ, ಇಂಟರ್ವ್ಯೂ ಟಾಕ್‌ನಲ್ಲಿ ಪ್ರಕಟ ಆಗದೇ ಇರೋದನ್ನ ತೋರ್ಸೋಕೆ ಮುಂಚೆ ಗೈಡ್ ಮತ್ತೆ ಯೂನಿವರ್ಸಿಟಿಯ ಪೇಟೆಂಟ್ ನೋಡ್ಕೊಳ್ಳೋ ಆಫೀಸ್ ಇಬ್ಬರನ್ನೂ ಕೇಳಿ. ಅಮೆರಿಕದಲ್ಲಿ ಸಂಶೋಧಕರೇ ಬಹಿರಂಗ ಮಾಡಿದ್ರೆ ಅರ್ಜಿ ಹಾಕೋಕೆ ಒಂದು ವರ್ಷ ಗಡುವು ಇದೆ, ಯುರೋಪ್‌ನಲ್ಲಿ ಹಾಗಿಲ್ಲ, ಅರ್ಜಿಗೆ ಮುಂಚೆ ಪೋಸ್ಟರ್ ಹಾಕಿದ್ರೂ ಹೊಸತನ ಹೋಯ್ತು ಅಂತ ಲೆಕ್ಕ. ಕಂಪನಿ ಸೇರಿದ್ಮೇಲೆ ಇದೇ ನಿಮ್ಮ ದಿನಚರಿ ಆಗುತ್ತೆ. ಮೊದಲು ಪೇಟೆಂಟ್ ಅರ್ಜಿ, ಅದು ಸಾಮಾನ್ಯವಾಗಿ 18 ತಿಂಗಳಿಗೆ ಪ್ರಕಟ ಆಗುತ್ತೆ, ಆಮೇಲೆ ಬೇಕಿದ್ರೆ ಪೇಪರ್. ನೋಟ್‌ಬುಕ್‌ನಲ್ಲಿ ದಿನಾಂಕ ಹಾಕಿ ಸಹಿ ಮಾಡ್ಬೇಕು, ಎಷ್ಟೋ ಕಡೆ ಇನ್ನೊಬ್ರು ಓದಿ ಅರ್ಥ ಮಾಡ್ಕೊಂಡು ಅವ್ರೂ ಸಹಿ ಹಾಕ್ತಾರೆ. ನನ್ನ ಪಿಎಚ್‌ಡಿ ನೋಟ್‌ಬುಕ್‌ನಲ್ಲಿ ಅರ್ಧ ಪುಟಕ್ಕೆ ತಾರೀಕೇ ಇರ್ಲಿಲ್ಲ, ಈಗಿಂದಾನೇ ಅಭ್ಯಾಸ ಮಾಡ್ಕೊಳ್ಳಿ.

ಎರಡು_ಪೋಸ್ಟ್‌ಡಾಕ್

ಪೋಸ್ಟ್‌ಡಾಕ್ ಬಗ್ಗೆ ನಾನು ಹೇಳ್ಬಲ್ಲೆ, ಎರಡು ಮಾಡಿದೀನಿ, ಒಟ್ಟು ಆರು ವರ್ಷ.

ಮೊದಲನೇದು ನನ್ನ ಬದುಕಲ್ಲಿ ತಗೊಂಡ ಒಳ್ಳೇ ನಿರ್ಧಾರಗಳಲ್ಲಿ ಒಂದು. ನಾನು ಪ್ರೋಟೀನ್ ಕ್ರಿಸ್ಟಲೋಗ್ರಫಿಯವನು (ಪ್ರೋಟೀನನ್ನ ಹರಳು ಮಾಡಿ ಅದರ ರಚನೆ ನೋಡೋದು), ಆಗ ಕ್ರಯೋ ಎಲೆಕ್ಟ್ರಾನ್ ಮೈಕ್ರೋಸ್ಕೋಪಿ (ಹೆಪ್ಪುಗಟ್ಟಿಸಿ ಎಲೆಕ್ಟ್ರಾನ್‌ನಿಂದ ಚಿತ್ರ ತೆಗೆಯೋದು) ಭರದಿಂದ ಮೇಲೆ ಬರ್ತಿತ್ತು, 2017ರಲ್ಲಿ ಅದಕ್ಕೆ ನೊಬೆಲ್ ಕೂಡ ಬಂತು. ಆ ವಿದ್ಯೆ ಕಲೀಲೇಬೇಕು ಅಂತಾನೇ ಒಂದು ಲ್ಯಾಬ್‌ಗೆ ಹೋದೆ, ಎರಡೂವರೆ ವರ್ಷದಲ್ಲಿ ಕೈಗೆ ಹತ್ತಿತು. ಅಲ್ಲಿಗೆ ನಿಲ್ಲಿಸಿ ಕಂಪನಿಗೆ ಅರ್ಜಿ ಹಾಕ್ಬೇಕಿತ್ತು. ಹಾಕ್ಲಿಲ್ಲ. ಎರಡನೇ ಪೋಸ್ಟ್‌ಡಾಕ್‌ಗೆ ಹೋಗಿದ್ದು ಏನು ಮಾಡ್ಬೇಕು ಅಂತ ತೋಚದೇ, ಇನ್ನೊಂದು ದೊಡ್ಡ ಪೇಪರ್ ಬಂದ್ರೆ ದಾರಿ ತಾನಾಗೇ ಕಾಣುತ್ತೆ ಅನ್ನೋ ನಂಬಿಕೆಯಲ್ಲಿ. ಮೂರೂವರೆ ವರ್ಷ ಹೋಯ್ತು. ಕೊನೆಗೆ ಕಂಪನಿ ನನ್ನನ್ನ ತಗೊಂಡಿದ್ದು ಮೊದಲನೇದ್ರಲ್ಲಿ ಕಲ್ತಿದ್ದಕ್ಕೆ, ಎರಡನೇದ್ರ ಬಗ್ಗೆ ಇಂಟರ್ವ್ಯೂನಲ್ಲಿ ಯಾರೂ ಒಂದು ಮಾತೂ ಕೇಳ್ಲಿಲ್ಲ. ಆ ಮೂರೂವರೆ ವರ್ಷ ಈಗ್ಲೂ ಎದೆಯಲ್ಲಿ ಚುಚ್ಚುತ್ತೆ.

ಆದ್ದರಿಂದ ಪೋಸ್ಟ್‌ಡಾಕ್ ಬೇಕೋ ಬೇಡ್ವೋ ಅನ್ನೋದು ನಿಮ್ಮ ಕ್ಷೇತ್ರ ನೋಡಿ ಹೇಳ್ಬೇಕು. ಔಷಧಿ ಹುಡುಕೋ ಬಯಾಲಜಿ ಕಡೆ ಬಹಳಷ್ಟು ಜಾಹೀರಾತಿನಲ್ಲಿ ಪಿಎಚ್‌ಡಿ ಜೊತೆಗೆ ಇಷ್ಟು ವರ್ಷ ಅನುಭವ ಅಂತ ಕೇಳ್ತಾರೆ, ಅಲ್ಲಿ ಅದು ಲೆಕ್ಕಕ್ಕೆ ಬರುತ್ತೆ, ಕೆಲವು ಕಂಪನಿಗಳೇ ತಮ್ಮಲ್ಲಿ ಪೋಸ್ಟ್‌ಡಾಕ್ ಇಟ್ಕೋತವೆ. ನಿಮ್ಮ ಬ್ಯಾಟರಿ ಕಡೆ ನಾನು ಕಂಡಂತೆ ಪಿಎಚ್‌ಡಿ ಮುಗಿಸಿ ನೇರ ಹೋದವ್ರು ತುಂಬಾ ಜನ. ನಿಮಗೆ ಬೇಕಾದ ಒಂದು ವಿದ್ಯೆ, ಉದಾಹರಣೆಗೆ ಪೌಚ್ ಸೆಲ್ (ಚಪ್ಪಟೆ ಚೀಲದಂಥ ಸೆಲ್) ಕಟ್ಟೋದು, ಅದನ್ನ ಹೇಳ್ಕೊಡೋ ಲ್ಯಾಬ್ ಇದ್ರೆ ಹೋಗಿ, ಹೋಗುವಾಗ್ಲೇ ಯಾವಾಗ ಹೊರಗೆ ಬರೋದು ಅಂತ ತಾರೀಕು ಬರೆದಿಟ್ಕೊಳ್ಳಿ.

ಗೈಡ್‌ಗೆ ಈಗ್ಲೇ ಹೇಳಿ. ರೆಫರೆನ್ಸ್ ಪತ್ರ ಅವ್ರೇ ಬರೀಬೇಕಲ್ವಾ, ಕಂಪನಿಯವ್ರು ಫೋನ್ ಮಾಡಿ ಕೇಳಿದಾಗ ಅವ್ರಿಗೆ ಮೊದಲ ಸಲ ಗೊತ್ತಾದ್ರೆ ಯಾರಿಗಾದ್ರೂ ಬೇಜಾರಾಗುತ್ತೆ. "ಪೋಸ್ಟ್‌ಡಾಕ್ ಬೇಡ" ಅಂತ ಶುರು ಮಾಡ್ಬೇಡಿ, "ನಂಗೆ ಇಂಥ ಕೆಲ್ಸ ಮಾಡೋ ಆಸೆ ಇದೆ" ಅಂತ ಶುರು ಮಾಡಿ.

ವಾಪಸ್_ಬಂದವಳು

ಎಲ್ರೂ ಹೋಗಿ ಹೋಗಿ ಅಂತಿದೀರಿ, ನಾನು ಹೋಗಿ ವಾಪಸ್ ಬಂದವಳು, ನಂದೂ ಒಂದು ಮಾತು ಇರ್ಲಿ.

ಕಂಪನಿ ರಿಸರ್ಚ್ ಅನ್ನೋದು ಒಂದೇ ವಸ್ತು ಅಲ್ಲ. ನಾಸಾದವ್ರು ತಂತ್ರಜ್ಞಾನ ಎಷ್ಟು ಮಾಗಿದೆ ಅಂತ ಅಳೆಯೋಕೆ 1ರಿಂದ 9ರವರೆಗೆ ಮೆಟ್ಟಿಲು ಮಾಡಿದಾರೆ, ಟಿಆರ್‌ಎಲ್ ಅಂತಾರೆ, ಈಗ ಬಹಳ ಕಡೆ ಅದನ್ನೇ ಬಳಸ್ತಾರೆ. ನಿಮ್ಮ ಥೀಸಿಸ್ 2 ಅಥವಾ 3ರಲ್ಲಿದೆ ಅನ್ಕೊಳ್ಳಿ. ಬಹುಪಾಲು ಕಂಪನಿ ಕೆಲ್ಸ ಇರೋದು 4ರಿಂದ ಮೇಲೆ. 1981ರಲ್ಲಿ ಐಬಿಎಂನ ಜ್ಯೂರಿಕ್ ಲ್ಯಾಬ್‌ನಲ್ಲಿ ಬಿನಿಗ್ ಮತ್ತೆ ರೋರರ್ ಸ್ಕ್ಯಾನಿಂಗ್ ಟನಲಿಂಗ್ ಮೈಕ್ರೋಸ್ಕೋಪ್ (ಒಂದೊಂದೇ ಪರಮಾಣು ತೋರ್ಸೋ ಯಂತ್ರ) ಕಟ್ಟಿದ್ರು, ಐದು ವರ್ಷಕ್ಕೆ ನೊಬೆಲ್ ಬಂತು, ಕಂಪನಿಯಲ್ಲಿ ಅಂಥ ಬುಡದ ವಿಜ್ಞಾನ ನಡೆದಿದ್ದು ನಿಜ. ಎಂಆರ್‌ಎನ್‌ಎ ಲಸಿಕೆಗೆ ದಾರಿ ಮಾಡಿದ ಕಾರಿಕೋ ಅವ್ರು 2013ರಲ್ಲಿ ಬಯೋಎನ್‌ಟೆಕ್ ಕಂಪನಿ ಸೇರಿದ್ದೂ, 2023ರಲ್ಲಿ ನೊಬೆಲ್ ತಗೊಂಡಿದ್ದೂ ನಿಜ, ನೊಬೆಲ್ ತಂದ ಕೆಲ್ಸ ಮಾತ್ರ ಅದಕ್ಕೆ ಮುಂಚೆ ಯೂನಿವರ್ಸಿಟಿಯಲ್ಲಿ ಆಗಿದ್ದು. ಆದ್ರೆ ಅವನ್ನ ನೋಡಿ ನನ್ನ ಕೆಲ್ಸ ಹಾಗಿರುತ್ತೆ ಅಂತ ನಾನು ಅನ್ಕೊಂಡಿದ್ದು ತಪ್ಪಾಯ್ತು.

ನಾನಿದ್ದ ಕಡೆ ಒಂದು ಮೆಂಬ್ರೇನ್ ಪ್ರಾಜೆಕ್ಟ್, ಮೂರು ವರ್ಷ. ಆಗ್ತಾ ಬಂದಿತ್ತು, ಇನ್ನೊಂದು ಆರು ತಿಂಗಳು ಕೊಟ್ಟಿದ್ರೆ ಆಗ್ತಿತ್ತು ಅಂತ ನಾನು ಈಗ್ಲೂ ನಂಬ್ತೀನಿ. ಒಂದು ಮಂಗಳವಾರ ಬೆಳಿಗ್ಗೆ ಕರೆದು ನಿಲ್ಲಿಸಿದ್ರು, ವಿಜ್ಞಾನ ಸರಿ ಇಲ್ಲ ಅಂತಲ್ಲ, ಕಂಪನಿ ಆ ಮಾರುಕಟ್ಟೆಯಿಂದಾನೇ ಹೊರಗೆ ಬರೋ ತೀರ್ಮಾನ ಮಾಡಿತ್ತು. ಎರಡು ವಾರದಲ್ಲಿ ಸ್ಯಾಂಪಲ್‌ಗಳನ್ನೆಲ್ಲ ಲೇಬಲ್ ಹಚ್ಚಿ ಡಬ್ಬಕ್ಕೆ ತುಂಬಿ ಕೊಟ್ವಿ. ಆ ಡೇಟಾ ಬಗ್ಗೆ ಯಾರ ಹತ್ರನೂ ಮಾತಾಡೋ ಹಾಗಿಲ್ಲ, ಪೇಪರ್ ಇಲ್ಲ, ನಾನು ಮೂರು ವರ್ಷ ಏನು ಮಾಡ್ದೆ ಅನ್ನೋಕೆ ತೋರ್ಸೋಕೆ ಒಂದು ಗ್ರಾಫ್ ಇಲ್ಲ. ನಂಗೆ ಬೇಕಾಗಿದ್ದು ಒಂದೇ ಪ್ರಶ್ನೆಯನ್ನ ಹತ್ತು ವರ್ಷ ಹಿಡ್ಕೊಂಡು ಕೂರೋದು ಅಂತ ಅವತ್ತು ಗೊತ್ತಾಯ್ತು, ಯೂನಿವರ್ಸಿಟಿಗೆ ಬಂದೆ, ಖುಷಿಯಾಗಿದೀನಿ. ವಾಪಸ್ ಬರೋಕೆ ಕಷ್ಟ ಆಯ್ತು, ಆ ಮೂರು ವರ್ಷದ ಪೇಪರ್ ಎಲ್ಲಿ ಅಂತ ಎಲ್ಲಾ ಕಮಿಟಿಯಲ್ಲೂ ಕೇಳಿದ್ರು.

ನಿಮಗೆ ಹೆದರಿಸೋಕೆ ಹೇಳ್ತಿಲ್ಲ. ಇಂಟರ್ವ್ಯೂ ಕೊನೆಗೆ "ನಿಮ್ಮದೇನಾದ್ರೂ ಪ್ರಶ್ನೆ ಇದ್ಯಾ" ಅಂತ ಕೇಳ್ತಾರಲ್ಲ, ಆಗ ಇದನ್ನ ಕೇಳಿ: ಕಳೆದ ಎರಡು ವರ್ಷದಲ್ಲಿ ನಿಲ್ಲಿಸಿದ ಪ್ರಾಜೆಕ್ಟ್ ಯಾವುದು, ಯಾಕೆ ನಿಲ್ಲಿಸಿದ್ರಿ, ಅದ್ರಲ್ಲಿದ್ದವ್ರು ಈಗ ಏನು ಮಾಡ್ತಿದಾರೆ? ಗುಟ್ಟಿನ ವಿಷಯ ಇದ್ರೆ ಹೆಸರು ಹೇಳ್ದೇನೂ ಉತ್ತರ ಕೊಡ್ಬಹುದು. ಹೇಗೆ ಉತ್ತರ ಕೊಡ್ತಾರೆ ಅನ್ನೋದನ್ನ ಕಿವಿಗೊಟ್ಟು ಕೇಳಿ.

ಪ್ರೋಸೆಸ್_ಕೆಮ್

ವಾಪಸ್_ಬಂದವಳು ಹೇಳಿದ್ದು ಓದಿ ಮನಸ್ಸಿಗೆ ನೋವಾಯ್ತು, ನನ್ನದೂ ನಾಲ್ಕು ಪ್ರಾಜೆಕ್ಟ್ ಹೀಗೇ ನಿಂತಿವೆ. ಒಂದು ಮಾತ್ರ ಸೇರಿಸ್ತೀನಿ, ಔಷಧಿ ಕಡೆ ಹೆಚ್ಚಿನ ಪ್ರಾಜೆಕ್ಟ್ ನಿಲ್ಲೋದೇ, ಮನುಷ್ಯರ ಮೇಲೆ ಪರೀಕ್ಷೆ ಶುರುವಾದ ಮೇಲೂ ಹತ್ತರಲ್ಲಿ ಒಂದೋ ಏನೋ ದಡ ಮುಟ್ಟುತ್ತೆ. ಒಳ್ಳೇ ಟೀಮ್‌ನಲ್ಲಿ ಬೇಗ ನಿಲ್ಲಿಸಿದವ್ರಿಗೂ ಶಹಬಾಸ್‌ಗಿರಿ ಇದೆ, ಯಾಕಂದ್ರೆ ಎರಡು ವರ್ಷ ತಡವಾಗಿ ನಿಲ್ಲಿಸೋದಕ್ಕಿಂತ ಅದು ಎಷ್ಟೋ ವಾಸಿ. ಅವ್ರು ಹೇಳಿದ ಪ್ರಶ್ನೆ ತಪ್ಪದೇ ಕೇಳಿ. ಮತ್ತೆ ಆಫರ್ ಬಂದಾಗ ಸಂಬಳ ಒಂದೇ ನೋಡ್ಬೇಡಿ, ಯಾವ ದರ್ಜೆಗೆ ತಗೋತಿದಾರೆ ಅಂತ ನೋಡಿ, ಸೈಂಟಿಸ್ಟ್, ಸೀನಿಯರ್ ಸೈಂಟಿಸ್ಟ್ ಅನ್ನೋ ಹೆಸರು ಒಂದೊಂದು ಕಂಪನಿಯಲ್ಲಿ ಒಂದೊಂದು ಅರ್ಥ. ಕೆಲ್ಸ ಬಿಟ್ಮೇಲೆ ಎದುರಾಳಿ ಕಂಪನಿ ಸೇರೋ ಹಾಗಿಲ್ಲ ಅನ್ನೋ ಷರತ್ತು ಇದ್ಯಾ ಅಂತ ಕೂತು ಓದಿ, ಆಮೇಲೆ ಸಹಿ.

ಐದನೇ_ವರ್ಷ

ಮೂರು ವಾರ ಆಯ್ತು, ಕ್ಷಮಿಸಿ, ಎಣಿಸೋಕೆ ಅಷ್ಟು ಸಮಯ ಹಿಡೀತು. ಎಲ್ರಿಗೂ ತುಂಬಾ ಥ್ಯಾಂಕ್ಸ್, ಸರ್ ಮೇಡಂ ಎಲ್ರಿಗೂ.

ಒಟ್ಟು 318 ಸೆಲ್. ಅದ್ರಲ್ಲಿ ಹತ್ತು ಸೈಕಲ್ ಒಳಗೆ ಸತ್ತಿದ್ದು 67. ಇಷ್ಟಿರುತ್ತೆ ಅಂತ ನಾನು ಅನ್ಕೊಂಡಿರ್ಲಿಲ್ಲ.

ತಾರೀಕು ಹಾಕ್ಕೊಂಡು ಹೋದಾಗ ಒಂದು ವಿಷಯ ಕಾಣಿಸ್ತು. ಮೊದಲ ಎರಡು ವರ್ಷದ 140 ಸೆಲ್‌ನಲ್ಲಿ 41 ಸತ್ತಿವೆ. ಆಮೇಲೆ ನಾನು ಎಲೆಕ್ಟ್ರೋಡ್‌ಗಳನ್ನ ರಾತ್ರಿಯಿಡೀ 120 ಡಿಗ್ರಿ ವ್ಯಾಕ್ಯೂಮ್ ಓವನ್‌ನಲ್ಲಿ ಒಣಗ್ಸೋಕೆ ಶುರು ಮಾಡಿದ್ದೆ, ಅದಕ್ಕೆ ಮುಂಚೆ ಎರಡೇ ಗಂಟೆ ಇಡ್ತಿದ್ದಿದ್ದು. ಒಂದು ಚೂರು ನೀರು ಉಳಿದ್ರೂ ಎಲೆಕ್ಟ್ರೋಲೈಟ್‌ನ ಉಪ್ಪು ಒಡೆದು ಹೈಡ್ರೋಫ್ಲೋರಿಕ್ ಆಸಿಡ್ ಆಗುತ್ತೆ ಅಂತ ಎಲ್ರಿಗೂ ಗೊತ್ತು, ನಂಗೂ ಗೊತ್ತಿತ್ತು, ಆದ್ರೆ ಆ ಬದಲಾವಣೆ ಇಷ್ಟು ದೊಡ್ಡದು ಅಂತ ನಾನು ಲೆಕ್ಕ ಹಾಕಿ ನೋಡೇ ಇರ್ಲಿಲ್ಲ. ಆಮೇಲಿನ 178ರಲ್ಲಿ ಸತ್ತಿದ್ದು 26. ಹೆಚ್ಚುಕಮ್ಮಿ ಅರ್ಧಕ್ಕೆ ಇಳಿದಿದೆ.

ಆ 26ರಲ್ಲಿ 17 ಒಂದೇ ನಾಲ್ಕು ತಿಂಗಳಲ್ಲಿ. ಆ ತಿಂಗಳುಗಳ ಪುಟ ತಿರುವಿ ತಿರುವಿ ನೋಡ್ದೆ, ಕೆಮಿಸ್ಟ್ರಿಯಲ್ಲಿ ಏನೂ ಬೇರೆ ಇಲ್ಲ. ಕೊನೆಗೆ ಡ್ರಾಯರ್‌ನಲ್ಲಿ ಎಸೆಯದೇ ಉಳಿದಿದ್ದ ಕೆಲವು ಸತ್ತ ಸೆಲ್ ಸಿಕ್ತು, ಬೆಳಕಿಗೆ ಹಿಡಿದು ಅಂಚು ನೋಡಿದ್ರೆ ಒಂದು ಬದಿ ಮಡಿಕೆ ಬಿಗಿಯಾಗಿ ಕೂತಿದೆ, ಎದುರು ಬದಿ ಸಣ್ಣಗೆ ಎದ್ದಿದೆ, ಅಲ್ಲಿ ಬಿಳೀ ಪುಡಿ ಕಟ್ಟಿದೆ. ಸೆಲ್ ಒತ್ತಿ ಮುಚ್ಚೋ ಕ್ರಿಂಪರ್‌ನ ಅಚ್ಚು ಆ ಸಮಯದಲ್ಲಿ ಬದಲಾಯ್ಸಿದ್ರು, ಸರಿಯಾಗಿ ಕೂತಿರ್ಲಿಲ್ಲ, ಆಮೇಲೆ ಯಾರೋ ಸರಿ ಮಾಡಿದಾರೆ, ಯಾರೂ ಎಲ್ಲೂ ಬರೆದಿಟ್ಟಿಲ್ಲ. ಆ ಸಮಯದಲ್ಲಿ ನಾನು ಎರಡು ತಿಂಗಳು ಕೋಟಿಂಗ್ ದಪ್ಪ ಬದಲಾಯ್ಸಿ ಬದಲಾಯ್ಸಿ ಒದ್ದಾಡಿದ್ದೆ, ಕೋಟಿಂಗ್‌ನದ್ದು ತಪ್ಪೇ ಇರ್ಲಿಲ್ಲ. ಆ ಸೆಲ್ ಕೈಯಲ್ಲಿ ಹಿಡ್ಕೊಂಡು ಸುಮಾರು ಹೊತ್ತು ಹಾಗೇ ಕೂತಿದ್ದೆ.

ಉಳಿದ 9 ಯಾಕೆ ಸತ್ತವು ಅಂತ ಎಷ್ಟು ನೋಡಿದ್ರೂ ಗೊತ್ತಾಗ್ತಿಲ್ಲ.

ಗೈಡ್ ಹತ್ರ ಮಾತಾಡ್ದೆ. ಈ ಲೆಕ್ಕ ಇಟ್ಕೊಂಡೇ ಹೋದೆ, ಮೊದಲು ಇದನ್ನ ತೋರಿಸ್ದೆ, ಆಮೇಲೆ ನನಗೆ ಇಂಥ ಕೆಲ್ಸ ಇಷ್ಟ, ಕಂಪನಿಗೆ ಹೋಗ್ಬೇಕು ಅಂತಿದೀನಿ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ರು. ಬೇಜಾರಾಗಿದ್ದು ಮುಖದಲ್ಲಿ ಕಾಣ್ತಿತ್ತು. ಆಮೇಲೆ ಆ ಶೀಟನ್ನ ಲ್ಯಾಬ್‌ನ ಎಲ್ರಿಗೂ ಕಳ್ಸು ಅಂದ್ರು, ಇನ್ಮೇಲೆ ಎಲ್ರೂ ಹೀಗೇ ಬರೆದಿಡ್ಬೇಕು ಅಂದ್ರು, ಹೊರಗೆ ಬರುವಾಗ ಅವ್ರ ಹಳೇ ವಿದ್ಯಾರ್ಥಿಯೊಬ್ರು ಸೆಲ್ ಕಂಪನಿಯಲ್ಲಿದಾರೆ, ಮೇಲ್ ಹಾಕ್ತೀನಿ ಅಂದ್ರು. ಅದ್ರಿಂದಾನೇ ಒಂದು ಇಂಟರ್ವ್ಯೂ ಬಂದಿದೆ, ಬರೋ ಗುರುವಾರ, 45 ನಿಮಿಷದ ಟಾಕ್, ಆಮೇಲೆ ಒಬ್ಬೊಬ್ರ ಹತ್ರ ಮಾತುಕತೆ.

ರೆಸ್ಯೂಮೆಯಲ್ಲಿ ಮೊದಲು ಹೀಗಿತ್ತು: "ಕ್ಯಾಥೋಡ್ ಮೇಲ್ಮೈ ಕೋಟಿಂಗ್‌ನ ಇಂಟರ್‌ಫೇಸ್ ಗುಣಗಳ ಅಧ್ಯಯನ." ಈಗ ಹೀಗೆ ಬರೆದಿದೀನಿ: "318 ಕಾಯಿನ್ ಸೆಲ್ ಕಟ್ಟಿ ಪರೀಕ್ಷಿಸಿದೆ, ಒಣಗಿಸೋ ಕ್ರಮ ಬದಲಾಯಿಸಿ ಬೇಗ ಸಾಯುವ ಸೆಲ್‌ಗಳ ಪ್ರಮಾಣವನ್ನು 29%ರಿಂದ 15%ಕ್ಕೆ ಇಳಿಸಿದೆ, ಉಳಿದವುಗಳಲ್ಲಿ ಮೂರನೇ ಎರಡು ಭಾಗಕ್ಕೆ ಮುಚ್ಚುವ ಯಂತ್ರದ ದೋಷ ಕಾರಣ ಎಂದು ಪತ್ತೆ ಮಾಡಿದೆ." ಸರಿ ಇದೆಯಾ ಸರ್? ಆ 9ರ ವಿಷಯ ಟಾಕ್‌ನಲ್ಲಿ ಎತ್ತೋದಾ, ಬಿಡೋದಾ?

ಸೆಲ್_ಲೈನ್

ಬಿಳೀ ಪುಡಿ ಅಂದಾಗ್ಲೇ ನಂಗೆ ಗೊತ್ತಾಯ್ತು, ಸೋರಿದ ಎಲೆಕ್ಟ್ರೋಲೈಟ್ ಒಣಗಿದ್ದು ಅದು, ನಮ್ಮ ಲೈನ್‌ನಲ್ಲೂ ಅಂಥದ್ದು ಕಂಡ್ರೆ ಮೊದಲು ನೋಡೋದು ಸೀಲನ್ನೇ. ಎರಡು ತಿಂಗಳು ಕೋಟಿಂಗ್ ದಪ್ಪ ಬದಲಾಯ್ಸಿದ್ದೂ ಹೇಳಿ ಟಾಕ್‌ನಲ್ಲಿ, ಮುಚ್ಚಿಡ್ಬೇಡಿ, ಕೆಮಿಸ್ಟ್ರಿಯಲ್ಲಿ ಹುಡುಕಿ ಹುಡುಕಿ ಕೊನೆಗೆ ಯಂತ್ರದಲ್ಲಿ ಸಿಕ್ಕಿದ್ದು ನಮ್ಮಲ್ಲಿ ಎಲ್ರ ಬದುಕಲ್ಲೂ ನಡೆದಿರುತ್ತೆ, ಅವ್ರಿಗೆ ತಕ್ಷಣ ಅರ್ಥ ಆಗುತ್ತೆ.

ರೆಸ್ಯೂಮೆ ಸಾಲು ಚೆನ್ನಾಗಿದೆ. ಒಂದೇ ತಿದ್ದುಪಡಿ: "ಬೇಗ ಸಾಯುವ" ಅನ್ನೋದ್ರ ಪಕ್ಕ "10 ಸೈಕಲ್ ಒಳಗೆ" ಅಂತ ಹಾಕಿ. ಮತ್ತೆ ಒಣಗಿಸಿದ್ದಕ್ಕೇ ಇಳೀತು ಅಂತ ಖಾತ್ರಿ ಇದ್ಯಾ? ಎರಡು ವರ್ಷದಲ್ಲಿ ನಿಮ್ಮ ಕೈಯೂ ಪಳಗಿರುತ್ತೆ. ಅದನ್ನ ಅವ್ರು ಕೇಳೇ ಕೇಳ್ತಾರೆ. ಆ ಬದಲಾವಣೆಗೆ ಹಿಂದಿನ ತಿಂಗಳು, ಮುಂದಿನ ತಿಂಗಳು, ಇವೆರಡನ್ನೇ ಪಕ್ಕಪಕ್ಕ ಇಟ್ಟು ನೋಡ್ಕೊಂಡು ಹೋಗಿ.

9 ಖಂಡಿತ ಎತ್ತಿ. ಗೊತ್ತಿಲ್ಲ ಅಂತಾನೇ ಹೇಳಿ, ಆಮೇಲೆ ಗೊತ್ತು ಮಾಡ್ಕೊಳ್ಳೋಕೆ ಮುಂದೆ ಮಾಡ್ಬೇಕಾದ ಪ್ರಯೋಗ ಯಾವುದು ಅಂತ ಒಂದು ಹೇಳಿ. ಒಂದೇ ಸಾಕು.

ಐದನೇ_ವರ್ಷ

ನೋಡ್ದೆ ಸರ್. ಒಣಗ್ಸೋದು ಬದಲಾಯ್ಸೋಕೆ ಹಿಂದಿನ ತಿಂಗಳು 12ರಲ್ಲಿ 4, ಮುಂದಿನ ತಿಂಗಳು 14ರಲ್ಲಿ 1. ಇಷ್ಟು ಕಮ್ಮಿ ಸಂಖ್ಯೆಯಲ್ಲಿ ಖಾತ್ರಿ ಅಂತ ಹೇಳೋಕಾಗಲ್ಲ, ಹಾಗೇ ಹೇಳ್ತೀನಿ. ಇವತ್ತು ರಾತ್ರಿ ಎಂಟು ಎಲೆಕ್ಟ್ರೋಡ್ ಓವನ್‌ಗೆ ಇಟ್ಟಿದೀನಿ, ನಾಳೆ ಇನ್ನೆಂಟನ್ನ ಹಳೇ ಥರ ಎರಡೇ ಗಂಟೆ ಒಣಗಿಸಿ, ಹದಿನಾರನ್ನೂ ಒಂದೇ ದಿನ ಕಟ್ತೀನಿ. ಗುರುವಾರದ ಹೊತ್ತಿಗೆ ಹತ್ತು ಸೈಕಲ್ ಮುಗಿಯಲ್ಲ, ಆದ್ರೂ ಓಡ್ತಾ ಇರುತ್ತೆ.